ಆಚೆ ದಂಡೆಯ ಮೀನು

ಬಲೆಯನ್ನು ನೀರಿಗೆ ಬಿಟ್ಟರೆ ಇಪ್ಪತ್ತು ನಿಮಿಷ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ದೋಣಿಯೂ ಬಲೆಯೂ ಹೊಳೆಯ ಜೊತೆ ತೇಲಿಕೊಂಡು ಹೋಗಬೇಕು, ಫೆದೋಸ್ಯ ಗಡಿಯಾರ ನೋಡುತ್ತ ಕೂರಬೇಕು. ಕಸ್ಕೊಕ್ವಿಮ್ ಹೊಳೆಯ ಬಲದಂಡೆಯಲ್ಲಿ, ಹಳೆಯ ಎಣ್ಣೆ ಟ್ಯಾಂಕಿನ ನೇರಕ್ಕೆ, ಇಷ್ಟೇ ಉದ್ದದ ಬಲೆಯನ್ನು ಮೂವತ್ತೆಂಟು ಬೇಸಿಗೆಗಳಿಂದ ಹೀಗೇ ಬಿಡುತ್ತ ಬಂದಿದ್ದಾರೆ. ಕಳೆದ ಹದಿನಾಲ್ಕು ಬೇಸಿಗೆ ಬಿಟ್ಟವಳು ಅವಳೇ. ಎಷ್ಟು ಸಿಕ್ಕಿತು ಎಂದು ಮೀನುಗಾರಿಕೆ ಕಚೇರಿಗೆ ತಿಳಿಸಿದರೆ, ಅವರು ಅದನ್ನು ಹಿಂದಿನ ವರ್ಷಗಳ ಪಕ್ಕಕ್ಕಿಟ್ಟು ನೋಡಿ, ಸಾಲ್ಮನ್‌ಗಳಲ್ಲೆಲ್ಲ ದೊಡ್ಡದಾದ ರಾಜಮೀನು ಈ ಸಲ ಸಮುದ್ರದಿಂದ ಎಷ್ಟು ಹತ್ತಿ ಬರುತ್ತಿದೆ ಎಂದು ಅಂದಾಜು ಮಾಡುತ್ತಾರೆ. ಸಾಕಷ್ಟು ಬರುತ್ತಿದ್ದರೆ ಊರಿನವರು ದೊಡ್ಡ ಕಣ್ಣಿನ ಬಲೆ ಇಳಿಸಬಹುದು. ಇಲ್ಲವಾದರೆ ಇಲ್ಲ.

ಈ ಬೇಸಿಗೆ ಇನ್ನೂ ಇಲ್ಲ.

"ಎತ್ತೋಣ್ವಾ?" ಎಂದ ವಾಸ್ಲಿ, ಎಂಜಿನ್ನಿನ ಪಕ್ಕದಿಂದ. ಅವಳ ಚಿಕ್ಕಪ್ಪನ ಮಗ. ವಯಸ್ಸು ನಲವತ್ತು ದಾಟಿದೆ, ಬಾಯಿಗೆ ಇನ್ನೂ ಹದಿನೆಂಟು.

"ಇನ್ನೂ ಮೂರು ನಿಮಿಷ ಇದೆ."

"ಮೂರು ನಿಮಿಷದಲ್ಲಿ ಏನಕ್ಕಾ, ತಿಮಿಂಗಿಲ ಬರುತ್ತಾ?"

"ಬಾಯ್ಮುಚ್ಕೊಂಡು ಕೂತ್ಕೊಳೋ."

ಮೂರು ನಿಮಿಷ ಕಳೆಯಿತು. ಎಳೆದರು. ನಾಯಿಗಳಿಗೆ ಹಾಕುವ ಅಗ್ಗದ ಸಾಲ್ಮನ್, ಎರಡು ನಾಯಿಮೀನು; ಜೊತೆಗೆ ಒಂದು ವಿಲೋ ಗಿಡದ ಕೊಂಬೆ. ಫೆದೋಸ್ಯ ಪುಸ್ತಕ ತೆಗೆದು ರಾಜಮೀನಿನ ಮುಂದೆ ಸೊನ್ನೆ ಬರೆದಳು. ಮೇಲಿನ ಸಾಲಿನಲ್ಲೂ ಸೊನ್ನೆ, ಅದರ ಮೇಲೊಂದು ಒಂದು, ಅದರ ಮೇಲೆ ಮತ್ತೆ ಸೊನ್ನೆ. ಬರೆದೂ ಬರೆದೂ ಅವಳಿಗೆ ಸಾಕಾಗಿ ಹೋಗಿತ್ತು.

ಬೆನ್ನು ನೋಯುತ್ತಿತ್ತು ನಿಜ, ಆದರೆ ಅವಳನ್ನು ದಣಿಸಿದ್ದು ಬಲೆಯಲ್ಲ, ಊರಿನ ಮುಖಗಳು. ಎಲ್ಲರ ದೊಡ್ಡ ಬಲೆಯೂ ಬೇಲಿಯ ಮೇಲೆ ಒಣಗುತ್ತಿರುವಾಗ ಹೊಳೆಯಲ್ಲಿ ನೆನೆಯುತ್ತಿದ್ದದ್ದು ಅವಳದೊಂದೇ. "ನಮ್ಮ ಬಲೇನ ಇಲಿ ಕಡೀತಿದೆ, ನಿನ್ನದು ದಿನಾ ಸ್ನಾನ ಮಾಡುತ್ತೆ ನೋಡು" ಎಂದು ಅಂಗಡಿಯಲ್ಲಿ ಚುಚ್ಚಿದವರಿಗೆ ಅವಳು ಹೇಳಿದ್ದು ಒಂದೇ ಉತ್ತರ: ಮೀನು ಇವೆ, ಆಚೆ ದಂಡೆಯಲ್ಲಿ ಹೋಗುತ್ತಿವೆ. ವಸಂತದಲ್ಲಿ ಹೊಳೆಯ ಮೇಲಿನ ಮಂಜುಗಡ್ಡೆ ಒಡೆದಾಗ ನಡುಹೊಳೆಯ ಮರಳುದಿಬ್ಬ ಸರಿದು ಸೆಳೆತ ಎಡಕ್ಕೆ ತಿರುಗಿದ್ದನ್ನು ಎಲ್ಲರೂ ನೋಡಿದ್ದರು. ಕಚೇರಿಗೆ ಮಾತ್ರ ಅದೇ ಜಾಗ ಬೇಕು, ಅದೇ ಟ್ಯಾಂಕಿನ ನೇರ ಬೇಕು. ಜಾಗ ಬದಲಿಸಿದರೆ ಮೂವತ್ತೆಂಟು ವರ್ಷದ ಹೋಲಿಕೆ ಕೆಡುತ್ತದಂತೆ. ಹೀಗೆ ಕಚೇರಿಯನ್ನು ಬೈದರೆ ಕೇಳಿದವರಿಗೂ ಹಗುರ, ಹೇಳಿದವಳಿಗೂ ಹಗುರ. ಅಂಗಡಿಯಲ್ಲಿ ಹೇಳಿದಳು, ಇಗರ್ಜಿಯ ಬಾಗಿಲಲ್ಲಿ ಹೇಳಿದಳು, ಕೊನೆಗೆ ಮನೆಯಲ್ಲಿ ಅಮ್ಮನಿಗೂ ಹೇಳಿದಳು.

ಅಮ್ಮನಿಗೆ ಹೇಳಬಾರದಿತ್ತು.

ಅಮ್ಮ ಆಗ್ರಫೇನಳಿಗೆ ಎಪ್ಪತ್ತೊಂಬತ್ತು. ಮೀನು ಒಣಗಿಸುವ ಚಪ್ಪರ ಅವಳದು, ಅಲ್ಲಿ ಅವಳದೇ ಮಾತು. ಚಪ್ಪರದ ಮೊದಲ ಗಳು ರಾಜಮೀನಿಗೆ, ಅದೂ ಮನೆಯ ಬಲೆಗೆ ಬಿದ್ದದ್ದಕ್ಕೆ. ಅದು ಏರಿದ ಮೇಲೆಯೇ ಬೇರೆ ಮೀನು. ಕಚೇರಿಗಾಗಿ ಬಿಡುವ ಪರೀಕ್ಷೆಯ ಬಲೆಗೆ ಬಿದ್ದದ್ದನ್ನು ಪಟ್ಟಿಯ ಪ್ರಕಾರ ಹಿರಿಯರ ಮನೆಗಳಿಗೆ ಹಂಚುತ್ತಾರೆ, ಅಮ್ಮನಿಗೂ ಒಂದು ತುಂಡು ಬಂದಿತ್ತು, ಬೇಯಿಸಿ ತಿಂದಳು, ಗಳುವಿಗೆ ಏರಿಸಲಿಲ್ಲ. ಸಣ್ಣ ಕಣ್ಣಿನ ಬಲೆಗೆ ಅನುಮತಿಯಿತ್ತು. ಅಕ್ಕಪಕ್ಕದ ಮನೆಯವರು ಮೂಗು ಮುರಿಯುತ್ತಲೇ ನಾಯಿಮೀನು ಹಿಡಿದು ಸಾಲುಸಾಲಾಗಿ ನೇತುಹಾಕಿದ್ದರು. ಅಮ್ಮನ ಚಪ್ಪರ ಬೋಳಾಗಿತ್ತು. "ಆಚೆ ದಂಡೇಲಿ ಇವೆ ಅಂದ್ಯಲ್ಲ, ಕಾಯೋಣ" ಎನ್ನುತ್ತಿದ್ದಳು. ಜೂನಿನ ಒಣಗಾಳಿ ಮುಗಿಯುತ್ತ ಬಂದಿತ್ತು. ಜುಲೈ ಮಳೆ ಹಿಡಿದರೆ ಗಳುವಿನ ಮೇಲೆ ಏನಿಟ್ಟರೂ ಹುಳುವೇ. ಚಪ್ಪರ ಖಾಲಿಯಾದರೆ ಚಳಿಗಾಲದ ಆರು ತಿಂಗಳು ಒಲೆಯ ಮೇಲೆ ಏನಿಡುವುದು ಎಂಬ ಯೋಚನೆ ಫೆದೋಸ್ಯಳ ನಿದ್ದೆ ಕೆಡಿಸಿತ್ತು.

"ಅಕ್ಕಾ," ಎಂದ ವಾಸ್ಲಿ, ಬಲೆ ಮಡಚುತ್ತ. "ಒಂದೇ ಒಂದು ಸಲ ಆಚೆ ಕಡೆ ಬಿಟ್ಟು ನೋಡೋಣ. ಬರೆಯೋದು ಬೇಡ. ನೋಡೋಣ ಅಷ್ಟೇ."

"ಯಾರಾದ್ರೂ ಕಂಡ್ರೆ ಕೆಲಸ ಹೋಗುತ್ತೆ ಕಣೋ."

"ಹೋದ್ರೆ ಹೋಗ್ಲಿ, ಈ ಸೊನ್ನೆ ಸುತ್ತೋ ಕೆಲಸಕ್ಕೆ ಬೇರೆ ಯಾರು ಬರ್ತಾರೆ? ಇಡೀ ಬೇಸಿಗೆ ಆಚೆ ದಂಡೆ, ಆಚೆ ದಂಡೆ ಅಂತ ಹೇಳ್ಕೊಂಡು ಬಂದೆ. ನಿನಗೇ ನೋಡ್ಬೇಕು ಅನಿಸಲ್ವಾ?"

ಅನಿಸುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು, ಮತ್ತು ಆ ಹೆದರಿಕೆ ಕೆಲಸದ ಬಗ್ಗೆ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಿಕ್ಕಿದ್ದನ್ನು ಹಾಗೇ ನೀರಿಗೆ ಬಿಡಬೇಕು ಎಂದು ಅವನಿಂದ ಮಾತು ತೆಗೆದುಕೊಂಡು, ತಲೆಯಾಡಿಸಿದಳು.

ಎಡದಂಡೆಯ ಸೆಳೆತ ಜೋರಾಗಿತ್ತು, ನೀರು ಆಳವಾಗಿತ್ತು, ರಾಜಮೀನಿಗೆ ಹೇಳಿ ಮಾಡಿಸಿದ ದಾರಿ. ದೊಡ್ಡ ಕಣ್ಣಿನ ಬಲೆ ಬಿಟ್ಟರು. ಅಭ್ಯಾಸಬಲದಿಂದ ಅವಳು ಗಡಿಯಾರ ನೋಡಿದಳು. ಬಲೆಯ ಬೆಂಡುಗಳು ಒಂದರ ಹಿಂದೊಂದು ಸಾಲಾಗಿ ತೇಲಿದವು. ಒಂದು ಬೆಂಡು ಅಲುಗಿದರೂ ಸಾಕಿತ್ತು. ಇಪ್ಪತ್ತು ನಿಮಿಷವಾಯಿತು. ವಾಸ್ಲಿ ಎತ್ತೋಣ ಎನ್ನಲಿಲ್ಲ. ಇಪ್ಪತ್ತೈದಾಯಿತು, ಮೂವತ್ತೂ ಆಯಿತು. ಕೊನೆಗೆ ಅವಳೇ ಹಗ್ಗ ಹಿಡಿದಳು. ಇಪ್ಪತ್ತು ಮಾರು, ನಲವತ್ತು ಮಾರು ಎಳೆದರೂ ಬಲೆಯ ಕಣ್ಣುಗಳಿಂದ ನೀರಷ್ಟೇ ಸೋರುತ್ತಿತ್ತು. ತುದಿಯಲ್ಲಿ ಒಂದು ನಾಯಿಮೀನು ಒದ್ದಾಡುತ್ತಿತ್ತು. ಅದನ್ನು ಬಿಡಿಸಿ ನೀರಿಗೆ ಹಾಕಿದಳು.

"ನೋಡಬಾರದಿತ್ತು," ಎಂದ ವಾಸ್ಲಿ.

ದಡದಲ್ಲಿ ಇಬ್ಬರು ಮೂವರು ಕಾಯುತ್ತಿದ್ದರು. ಏನಾಯ್ತು ಎಂದು ಅವರು ಬಾಯಿ ಬಿಟ್ಟು ಕೇಳಲಿಲ್ಲ. ಮೀನಿನ ಲೆಕ್ಕವನ್ನು ಗಟ್ಟಿಯಾಗಿ ಆಡಬಾರದು, ಮೀನು ಕೇಳಿಸಿಕೊಂಡು ಮುನಿಯುತ್ತದೆ ಎಂದು ಬೆಳೆದವರು ಅವರು. ಹುಬ್ಬು ಎತ್ತಿದರು ಅಷ್ಟೇ. ಫೆದೋಸ್ಯ ಹಗ್ಗ ಕಟ್ಟುವ ನೆಪದಲ್ಲಿ ಬಗ್ಗಿದಳು. "ಎಲ್ಲಾ ಆಚೆ ದಂಡೇಲಿ, ಇನ್ನೇನು!" ಎಂದು ವಾಸ್ಲಿ ಎಂದಿನ ಗಂಟಲಲ್ಲೇ ಕೂಗಿದ. ಅವರು ಕಚೇರಿಯನ್ನು ಬೈದುಕೊಂಡು, ಒಂದಿಷ್ಟು ಸಮಾಧಾನದಿಂದಲೇ ಹೊರಟರು. ಅವನು ಅವಳ ಕಡೆ ನೋಡಲಿಲ್ಲ.

ಅಮ್ಮ ಚಪ್ಪರದ ಕೆಳಗೆ ಮಣೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಮೀನು ಸೀಳುವ ಬಾಗಿದ ಕತ್ತಿ. ದಿನಾ ಮಸೆದೂ ಮಸೆದೂ ಅದರ ಅಲಗು ಸವೆದಿತ್ತು. ಅವಳೂ ಲೆಕ್ಕ ಕೇಳುವವಳಲ್ಲ. ಮಗಳ ಕೈ ಹಿಡಿದು ಮೂಸುತ್ತಾಳೆ. ಇವತ್ತೂ ಮೂಸಿದಳು.

"ನಾಯಿಮೀನು."

"ಹೂಂ."

"ಅವೆಲ್ಲ ಆಚೆ ದಂಡೇಲೇ ಹೋಗ್ತಿವೆ, ಅಲ್ವಾ?"

ಹೌದು ಎಂದರೆ ಇವತ್ತಿನ ದಿನ ಕಳೆಯುತ್ತಿತ್ತು. ಹೊಳೆಯ ಕೆಳಗಡೆ, ಸಮುದ್ರದ ಕಡೆಯಲ್ಲಿ, ಮೋಡ ಕಪ್ಪಾಗಿತ್ತು. ಫೆದೋಸ್ಯಳಿಗೆ ಅಳು ಬಂತು, ಆದರೆ ಅಳುವಷ್ಟೂ ಶಕ್ತಿ ಉಳಿದಿರಲಿಲ್ಲ.

"ಇಲ್ಲಮ್ಮ. ಇವತ್ತು ಅಲ್ಲೂ ಬಲೆ ಬಿಟ್ಟು ನೋಡ್ದೆ. ಅಲ್ಲೂ ಇಲ್ಲ."

ಅಮ್ಮ ಅವಳ ಕೈ ಬಿಡಲಿಲ್ಲ.

"ಇವತ್ತೇ ಗೊತ್ತಾಗಿದ್ದಾ?"

"ಇವತ್ತೇ ನೋಡಿದ್ದು."

"ನಾನು ಕೇಳಿದ್ದು ಅದಲ್ಲ."

ಪಕ್ಕದ ಮನೆಯ ಚಪ್ಪರದಿಂದ ಒಣಮೀನಿನ ವಾಸನೆ ಬರುತ್ತಿತ್ತು.

"ಹದಿನೆಂಟು ದಿನದ ಬಿಸಿಲು ಹೋಯ್ತಲ್ಲೇ," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. "ಕಚೇರಿಯವರು ಹೇಳಿದ್ರೆ ನಾನು ಕಾಯ್ತಿರ್ಲಿಲ್ಲ. ನೀನು ಹೇಳ್ದೆ ಅಂತ ಕಾದೆ."

ಆಮೇಲೆ ಕೈ ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು.

"ನಡಿ, ಸಣ್ಣ ಕಣ್ಣಿನ ಬಲೆ ತೆಗಿ. ವಾಸ್ಲೀನೂ ಕರಿ. ಮಳೆ ಬರೋಕೆ ಮುಂಚೆ ಎಷ್ಟಾಗುತ್ತೋ ಅಷ್ಟು."

ಫೆದೋಸ್ಯ ಬೇಲಿಯ ಹತ್ತಿರ ಹೋಗಿ ಮನೆಯ ಬಲೆಯನ್ನು ಬಿಚ್ಚತೊಡಗಿದಳು. ಬೆರಳುಗಳು ಮರಗಟ್ಟಿದ್ದವು. ಹೆಗಲಿಗೆ ಹಾಕಿಕೊಂಡು ತಿರುಗಿ ನೋಡಿದಾಗ ಅಮ್ಮ ಒದ್ದೆ ಬಟ್ಟೆ ಹಿಡಿದು ಗಳುಗಳ ಧೂಳು ಒರೆಸುತ್ತಿದ್ದಳು. ಮೊದಲನೆಯದನ್ನು ಹಾಗೇ ಬಿಟ್ಟು, ಎರಡನೆಯದರಿಂದ ಶುರು ಮಾಡಿದ್ದಳು.