ಮೂರು ಗಂಟಿನ ತುಂಡು

ನನ್ನ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಒಂದು ಬಲೆ ಎಂದು ಹೇಳಿಕೊಳ್ಳುವಷ್ಟೂ ದೊಡ್ಡವನಲ್ಲ. ರಂಪಣಿ ಎಂಬ ದೊಡ್ಡ ಬಲೆಯ ನೂರಾರು ತುಂಡುಗಳಲ್ಲಿ ಒಂದು ತುಂಡು ನಾನು. ಇಡೀ ಬಲೆ ಹೇಳಬೇಕಾದ ಮಾತನ್ನು ಒಂದು ತುಂಡು ಹೇಳಿದರೆ ತಪ್ಪುಗಳು ಇದ್ದೇ ಇರುತ್ತವೆ. ಸಾಲದ್ದಕ್ಕೆ, ನನ್ನ ವಿದ್ಯೆಯೂ ಸಂಜೆ ಶಾಲೆಯ ಗೋಡೆಗೆ ತೂಗಿಕೊಂಡು ಕೇಳಿ ಕಲಿತದ್ದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕುಂದಾಪುರದ ಉತ್ತರಕ್ಕೆ ಕಡಲಿಗೆ ಅಂಟಿಕೊಂಡ ಒಂದು ಕೇರಿಯಲ್ಲಿ ನಾನು ಹುಟ್ಟಿದೆ. ಹೆರಿಯ ಮೊಗವೀರ ಎಂಬವನು ಒಂದು ಮಳೆಗಾಲ ಪೂರ್ತಿ ಜಗಲಿಯಲ್ಲಿ ಕುಳಿತು, ಬಿದಿರಿನ ಸೂಜಿಯಲ್ಲಿ ನನ್ನನ್ನು ಹೆಣೆದ. ಅವನ ಹೆಂಡತಿ ಮುತ್ತು, ಮರದ ಚಕ್ಕೆ ಬೇಯಿಸಿದ ಕೆಂಪು ನೀರಿನಲ್ಲಿ ನನ್ನನ್ನು ಅದ್ದಿ ಒಣಗಿಸಿದಳು. ಕೊನೆಗೆ ಹೆರಿಯ ನನ್ನ ಮೂಲೆಯಲ್ಲಿ ಒತ್ತೊತ್ತಾಗಿ ಮೂರು ಗಂಟು ಹಾಕಿದ. ಅದು ಅವನ ಮನೆಯ ಗುರುತು.

ನಮ್ಮಲ್ಲಿ ಕ್ರಮ ಹಾಗೆಯೇ ಇತ್ತು. ಕೇರಿಯ ಪ್ರತಿ ಮನೆಯೂ ಒಂದೊಂದು ತುಂಡು ಹೆಣೆದು ತರಬೇಕು. ಎಲ್ಲವನ್ನೂ ಒಂದಕ್ಕೊಂದು ಕಟ್ಟಿದರೆ ರಂಪಣಿ. ತುಂಡು ಇದ್ದವನಿಗೆ ಹಗ್ಗ ಎಳೆಯುವ ಸಾಲಿನಲ್ಲಿ ಜಾಗ, ಮೀನಿನಲ್ಲಿ ಪಾಲು. ತುಂಡು ಹರಿದರೆ ಆ ಮನೆಯವರೇ ಹೆಣೆಯಬೇಕು, ಅದೂ ಮರುದಿನದ ಸೂರ್ಯ ಹುಟ್ಟುವುದರೊಳಗೆ. ಬೇರೆ ಯಾರೂ ಮುಟ್ಟುವಂತಿಲ್ಲ.

ಏಳೆಂಟು ವರ್ಷ ನಾನು ಕಡಲಿಗಿಳಿದೆ. ದೋಣಿ ನಮ್ಮನ್ನು ನೀರಿಗೆ ಬಿಡುತ್ತಾ ಅರ್ಧ ಸುತ್ತು ಹೋಗಿ ಬರುತ್ತಿತ್ತು. ದಡದಲ್ಲಿ ಎರಡು ಸಾಲು ಜನ ಎರಡು ತುದಿಯ ಹಗ್ಗ ಹಿಡಿದು ಎಳೆಯುತ್ತಿದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಮೊಣಕಾಲುಗಳು ಮಾತ್ರ. ಹೆರಿಯನ ಕಾಲು ಎಲ್ಲರಿಗಿಂತ ಮೊದಲು ನೀರಿಗೆ ಇಳಿಯುತ್ತಿತ್ತು.

ಆ ಕಾಲಕ್ಕೆ ಯಂತ್ರದ ಬೋಟುಗಳು ಬಂದವು. ದೂರದಲ್ಲೇ ಮೀನನ್ನು ಸುತ್ತುಗಟ್ಟಿ ಎತ್ತಿಕೊಂಡು ಹೋಗುತ್ತಿದ್ದವು. ಕೇರಿಯಲ್ಲಿ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದು ಆಗ ಶುರುವಾಯಿತು. ಇವತ್ತು ಯಾರು ಹಗ್ಗಕ್ಕೆ ಬರಲಿಲ್ಲ, ಯಾರು ಬಂದರಿನ ಕಡೆ ಹೋದರು ಎಂದು ಎಣಿಸುತ್ತಿದ್ದರು. ಮುತ್ತುವಿನ ತಮ್ಮ ಶಂಕರ ಬೋಟು ಸೇರಿದ. ಹೋಗುವ ಮುಂಚಿನ ದಿನ ನಮ್ಮ ರಾಶಿಗೆ ಒರಗಿ ಬಹಳ ಹೊತ್ತು ಕುಳಿತಿದ್ದ. ಅವನ ಕೈಯಲ್ಲಿ ಏನಾದರೂ ಇತ್ತೇ ಎಂದು ಈಗಲೂ ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ನೀರು ಕೆಂಪಗೆ ಕದಡಿತು. ಬಂಗುಡೆ ಗುಂಪು ದಡದ ಹತ್ತಿರಕ್ಕೇ ಬಂದಿತ್ತು. ರಂಪಣಿಯ ಮುಖಂಡ ಬಚ್ಚಣ್ಣ ಎಂದಿನಂತೆ ಬಲೆಯನ್ನು ದೋಣಿಗೆ ಹೇರುವ ಮೊದಲು ತುಂಡು ತುಂಡಾಗಿ ಕೈಯಾಡಿಸಿ ನೋಡಿದ. ನನ್ನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತನೆಂದು ನನ್ನ ನೆನಪು. ಆದರೆ ನೆನಪು ಬೇಕಾದದ್ದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ, ಹಾಗಾಗಿ ಖಚಿತವಾಗಿ ಹೇಳಲಾರೆ.

ಬಲೆ ಬಿಟ್ಟಾಯಿತು, ಎಳೆತ ಶುರುವಾಯಿತು. ಭಾರ ಏರುತ್ತಾ ಏರುತ್ತಾ ನನ್ನ ಹೆಣಿಗೆಯ ಕಣ್ಣುಗಳೆಲ್ಲ ಬಿಗಿದವು. ದಡ ಇನ್ನೇನು ಹತ್ತಿರ ಎನ್ನುವಾಗ ಆ ಭಾರ ಒಮ್ಮೆಗೇ ಇಳಿಯಿತು. ಮೀನು ನನ್ನ ಮೂಲಕವೇ ಹರಿದು ಹೋಗುತ್ತಿತ್ತು. ದಡಕ್ಕೆ ಬಂದದ್ದು ನಾಲ್ಕು ಬುಟ್ಟಿ. ನನ್ನ ನಡುವೆ ಎರಡು ಮಾರು ಅಗಲದ ತೂತು.

ಜನ ಹಗ್ಗ ಬಿಟ್ಟು ಬೊಬ್ಬೆ ಹಾಕುತ್ತಿರುವಾಗ ಹೆರಿಯ ನನ್ನ ಕಡೆಗೆ ಬಂದ. ನನ್ನನ್ನು ಬಿಚ್ಚಿಕೊಂಡು ಹೋಗಿ, ಚಪ್ಪರದ ನೆರಳಿನಲ್ಲಿ ಕುಳಿತು ಹೆಣೆಯಲು ಶುರುಮಾಡಿದ. ಅವನಿಗೆ ನಾಚಿಕೆ, ಅದಕ್ಕೇ ಅವಸರ. ಹರಿದ ಅಂಚಿಗೆ ಹೊಸ ನೂಲು ಹಿಡಿಯುವುದಿಲ್ಲ. ಆ ಅಂಚನ್ನು ಚೂರಿಯಿಂದ ಕೊಯ್ದು, ಗಟ್ಟಿ ಕಣ್ಣಿನಿಂದಲೇ ಆರಂಭಿಸಬೇಕು. ಅವನು ಹಾಗೆಯೇ ಮಾಡಿದ. ಬಚ್ಚಣ್ಣ ಅಲ್ಲಿಗೆ ಬರುವ ಹೊತ್ತಿಗೆ ಮರಳ ಮೇಲೆ ಕೊಯ್ದ ನೂಲಿನ ತುದಿಗಳು, ಪಕ್ಕದಲ್ಲಿ ಚೂರಿ.

ಬಚ್ಚಣ್ಣ ನನ್ನ ಅಂಚನ್ನು ಬೆರಳಲ್ಲಿ ಹಿಡಿದ. "ಕಲ್ಲಿಗ್ ಸಿಕ್ಕಿ ಹರ್ದ್ರೆ ನೂಲ್ ಹಿಂಜಿ ಹೋತ್ತ್. ಇದ್ ಕಾಣ್, ಕತ್ತರ್ಸ್ದಂಗೆ ಇತ್ತ್."

"ಕೊಯ್ದೇ ಹೆಣೂದಲ್ದಾ ಬಚ್ಚಣ್ಣ," ಎಂದ ಹೆರಿಯ.

"ನಾಲ್ಕ್ ಜನಕ್ಕೆ ತೋರ್ಸಿ ಮತ್ತೆ ಕೊಯ್ವುದ್."

ಹಿಂದೆ ನಿಂತವರಲ್ಲಿ ಯಾರೋ, "ಭಾವ ಮುಂದ್ ಹೋದ, ಮೀನ್ ಹಿಂದ್ ಹೋಯ್ತ್," ಎಂದರು. ಕೆಲವರು ನಕ್ಕರು. ಶಂಕರನ ಬೋಟಿಗೆ ಮೀನು ಸಿಗಲೆಂದು ಹೆರಿಯನೇ ಬಲೆ ಕೊಯ್ದ ಎಂಬ ಕುಹಕ ಅದು.

ಹೆರಿಯನ ತಪ್ಪು ಅಷ್ಟೇ. ಕ್ರಮವನ್ನು ಎಲ್ಲರಿಗಿಂತ ಬೇಗ ಪಾಲಿಸಲು ಹೋಗಿ, ತನ್ನ ಸಾಕ್ಷಿಯನ್ನು ತಾನೇ ಕೊಯ್ದು ಹಾಕಿದ. ಅಥವಾ ಅದು ತಪ್ಪೇ ಅಲ್ಲವೋ, ಬೇಕೆಂದೇ ಮಾಡಿದ್ದೋ? ನನ್ನನ್ನು ಹೆಣೆದ ಕೈಯ ಮೇಲೆ ಹೀಗೆ ಸಂಶಯ ಪಡುವುದು ನನಗೇ ಸಂಕಟ. ಆದರೂ ಬರೆಯದೆ ಬಿಟ್ಟರೆ ಪಕ್ಷಪಾತ ಆಗುತ್ತದೆ.

ಎರಡು ದಿನದ ಮೇಲೆ ಬೊಬ್ಬರ್ಯನ ಗುಡಿಯ ಎದುರು ಎಲ್ಲರೂ ಸೇರಿದರು. ಕಡಲಿಗೆ ಹೋಗುವವರನ್ನು ಕಾಯುವ ದೈವ ಅದು. ಅಲ್ಲಿ ಸುಳ್ಳು ಆಣೆ ಹಾಕಿದವರಿಲ್ಲ. ನನ್ನನ್ನೂ ಸುರುಳಿ ಸುತ್ತಿ ತಂದಿದ್ದರು.

ಬಚ್ಚಣ್ಣ ಸುಲಭದ ದಾರಿಯನ್ನೇ ತೋರಿಸಿದ. "ಬಲೆಗೆ ಚೂರಿ ತಾಗ್ಸಲಿಲ್ಲ ಅಂದೇಳಿ ಆಣೆ ಹಾಕ್, ಹೆರಿಯ. ಮಾತ್ ಅಲ್ಲಿಗೆ ಮುಗೀತ್."

ಹೆರಿಯ ಒಪ್ಪಲಿಲ್ಲ. "ತಾಗ್ಸಿದ್ದೆ ಅಲ್ದಾ ಬಚ್ಚಣ್ಣ. ಹೆಣೂಕೆ ತಾಗ್ಸಿದ್ದೆ. ಇಲ್ಲ ಅಂದೇಳಿ ಹ್ಯಾಂಗೆ ಹೇಳೂದ್?"

ಮೀನು ಹೋಗುವ ಮೊದಲು ತಾಗಿಸಲಿಲ್ಲ ಎಂದು ಬೇಕಾದರೆ ಆಣೆ ಹಾಕುತ್ತೇನೆ ಎಂದ. ಅದು ಅರ್ಧ ಆಣೆ, ಅರ್ಧ ಆಣೆಯನ್ನು ಯಾರೂ ಒಪ್ಪುವುದಿಲ್ಲ ಎಂದರು. ಅಲ್ಲಿಗೆ ತೀರ್ಮಾನವಾಯಿತು. ನನಗೆ ಇನ್ನು ರಂಪಣಿಯಲ್ಲಿ ಜಾಗವಿಲ್ಲ, ಹೆರಿಯನಿಗೆ ಹಗ್ಗದಲ್ಲಿ ಜಾಗವಿಲ್ಲ.

ಮನೆಗೆ ಬಂದಾಗ ಮುತ್ತು ಒಲೆಯ ಮುಂದಿನಿಂದ ಏಳಲಿಲ್ಲ. "ಹಾಕಿದ್ರೆ ಎಂತ ಆತಿತ್ತ್? ಯಾವ್ ಚೂರಿ ಅಂದೇಳಿ ದೈವಕ್ಕೆ ಗೊತ್ತಾತಿರ್ಲಿಲ್ಯಾ?"

ದೈವಕ್ಕೆ ಗೊತ್ತಾಗುತ್ತಿತ್ತು, ತನಗೆ ಅದು ಸಾಲುವುದಿಲ್ಲ ಎಂದ ಹೆರಿಯ. ನನ್ನನ್ನು ಅಟ್ಟಕ್ಕೆ ಏರಿಸಿದ. ಆಮೇಲೆ ಒಂಟಿಯಾಗಿ ಗಾಳ ಹಾಕಿ ಬದುಕಿದ. ತೀರಿಕೊಳ್ಳುವವರೆಗೂ ರಂಪಣಿ ಎಳೆಯುತ್ತಿದ್ದ ದಡಕ್ಕೆ ಕಾಲಿಡಲಿಲ್ಲ.

ಎಳೆಯುವುದೂ ಹೆಚ್ಚು ಕಾಲ ನಡೆಯಲಿಲ್ಲ. ಎರಡೇ ವರ್ಷದಲ್ಲಿ ಬಚ್ಚಣ್ಣನೇ ಒಂದು ಬೋಟಿಗೆ ಪಾಲುದಾರನಾದ. ಮೀನು ದಡಕ್ಕೆ ಬರುವುದು ನಿಂತಿತು. ರಂಪಣಿ ಚಪ್ಪರದಲ್ಲೇ ಇಲಿಗಳ ಪಾಲಾಯಿತು. ಹೊರಗೆ ಹಾಕಿಸಿಕೊಂಡ ನಾನೊಬ್ಬನೇ ಉಳಿದೆ. ಇದಕ್ಕೆ ಸಂತೋಷಪಡಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಹೆರಿಯನ ಮಗಳು ಗಿರಿಜೆ ಮೀನು ಒಣಗಿಸುವ ಕೆಲಸಕ್ಕಿಳಿದಾಗ, ಕಾಗೆ ಬಾರದಂತೆ ಮೀನಿನ ಮೇಲೆ ನನ್ನನ್ನು ಹಾಸುತ್ತಿದ್ದಳು. ಸಂಜೆ ಶೆಡ್ಡಿನ ಗೋಡೆಗೆ ತೂಗಿಹಾಕುತ್ತಿದ್ದಳು. ಅದೇ ಶೆಡ್ಡಿನಲ್ಲಿ ಕೇರಿಯ ಹೆಂಗಸರಿಗೆ ಅಕ್ಷರ ಕಲಿಸುವ ಸಂಜೆ ಶಾಲೆ ನಡೆಯಿತು. ಗಿರಿಜೆ ಸ್ಲೇಟಿನ ಮೇಲೆ ಮೊದಲು ಬರೆದದ್ದು ಅಪ್ಪನ ಹೆಸರು. ಅವಳ ಜೊತೆ ನಾನೂ ಕಲಿತೆ.

ಕಳೆದ ತಿಂಗಳು ಊರಿನ ಶಾಲೆಯ ಮೇಷ್ಟ್ರು ಬಂದರು. ಕಡಲ ಹಳೆಯ ಸಾಮಾನುಗಳನ್ನು ಒಂದು ಕೋಣೆಯಲ್ಲಿ ಜೋಡಿಸಿಡುತ್ತಾರಂತೆ. ರಂಪಣಿಯ ತುಂಡು ಎಂದು ಬರೆಯಬೇಕಾದರೆ ಬಲ್ಲವರೊಬ್ಬರು ಹೌದೆನ್ನಬೇಕು ಎಂದರು. ಬಲ್ಲವರಲ್ಲಿ ಬದುಕಿ ಉಳಿದದ್ದು ಬಚ್ಚಣ್ಣ ಒಬ್ಬನೇ. ಗಿರಿಜೆ ರಿಕ್ಷಾ ಮಾಡಿ ಅವನನ್ನು ಕರೆಸಿದಳು. ಅವಳಿಗೆ ಬೇಕಾಗಿದ್ದುದು ಒಂದೇ: ಅಪ್ಪನ ಹೆಸರು ರಂಪಣಿಯ ಜೊತೆಗೆ ಮತ್ತೆ ಸೇರಬೇಕು.

ಬಚ್ಚಣ್ಣನಿಗೆ ಈಗ ಕಣ್ಣು ಕಾಣುವುದಿಲ್ಲ. ನನ್ನನ್ನು ಅವನ ಮಡಿಲಲ್ಲಿ ಹರಡಿದರು. ನನ್ನ ಮೈತುಂಬ ಹೆಣಿಗೆಯ ಗಾಯಗಳಿವೆ, ಮೂವತ್ತಕ್ಕೆ ಕಡಿಮೆ ಇಲ್ಲ. ಅವನ ಬೆರಳು ಯಾವುದನ್ನೂ ಹುಡುಕಲಿಲ್ಲ. ನೇರವಾಗಿ ಆ ಎರಡು ಮಾರಿನ ಹೆಣಿಗೆಯ ಮೇಲೆ ಹೋಗಿ ನಿಂತಿತು.

ಗಿರಿಜೆ ಅದನ್ನು ನೋಡಿದಳು. "ಬಚ್ಚ ಮಾವ, ಅದ್ ಕಲ್ಲಾ, ಚೂರಿಯಾ? ಈಗಾದ್ರೂ ಹೇಳಿ."

ಅವನು ಆ ಹೆಣಿಗೆಯನ್ನು ಈ ತುದಿಯಿಂದ ಆ ತುದಿಗೆ ಸವರಿದ. "ನಿನ್ನ ಅಪ್ಪಯ್ಯನ ಕೈ ಕಾಣ್. ನಮ್ಗ್ ಯಾರಿಗೂ ಹೀಂಗೆ ಹೆಣೂಕೆ ಬತ್ತಿರ್ಲಿಲ್ಲ." ಆಮೇಲೆ ಮೇಷ್ಟ್ರ ದನಿ ಬಂದ ಕಡೆಗೆ ತಿರುಗಿ, "ರಂಪಣಿದೇ ತುಂಡ್. ಹೆರಿಯನ್ದ್. ಬರ್ಕಣಿ," ಎಂದ.

ಮೇಷ್ಟ್ರು ಬರೆಯಲು ಹೋದಾಗ ಗಿರಿಜೆ ಪೆನ್ನು ಕೇಳಿ ತೆಗೆದುಕೊಂಡಳು. ರಟ್ಟಿನ ಮೇಲೆ, "ರಂಪಣಿ ಬಲೆಯ ತುಂಡು. ಹೆಣೆದವರು ಹೆರಿಯ ಮೊಗವೀರ" ಎಂದು ಬರೆದಳು. ಅಕ್ಷರ ಸ್ವಲ್ಪ ಓರೆಯಾಗಿದೆ.

ಈಗ ಆ ರಟ್ಟು ನನ್ನ ಪಕ್ಕದಲ್ಲೇ ಇದೆ. ಮಕ್ಕಳು ಬಂದು ಓದುತ್ತಾರೆ, ಮೂಲೆಯ ಮೂರು ಗಂಟನ್ನು ಮುಟ್ಟಿ ನೋಡುತ್ತಾರೆ. ಬಚ್ಚಣ್ಣನ ಬೆರಳಿಗೆ ದಾರಿ ಗೊತ್ತಿದ್ದುದು ಅದು ಅಲ್ಲಿ ಮೊದಲೊಮ್ಮೆ ಚೂರಿ ಹಿಡಿದು ಬಂದಿದ್ದರಿಂದಲೋ, ಇಷ್ಟು ವರ್ಷ ಆ ಹೆಣಿಗೆಯನ್ನು ಮರೆಯಲಾಗದೆ ಇದ್ದುದರಿಂದಲೋ? ಶಂಕರ ಅಂದು ರಾಶಿಗೆ ಒರಗಿ ಕುಳಿತಿದ್ದು ಬರೀ ಬೇಸರದಿಂದಲೋ? ಅಥವಾ ನೀರಿನಡಿಯಲ್ಲಿ ಒಂದು ಕಲ್ಲು ಇತ್ತೋ? ಹರಿದದ್ದು ನನ್ನ ಮೈಯೇ. ಆದರೂ ಯಾವುದರಿಂದ ಹರಿಯಿತು ಎಂದು ನನಗೆ ಗೊತ್ತಿಲ್ಲ.