ಹೋದ ವರ್ಷದ ಐದು ಪದ

ಪರೀಕ್ಷೆಗೆಂದು ಗಂಡನಿಗೆ ಕದ್ದು ಪಾಠ ಹೇಳಿಕೊಟ್ಟ ಹೆಂಡತಿ ಕೆಂಚಾರ್ಲಹಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಒಂಬತ್ತು ವರ್ಷದ ಹಿಂದೆ ನಮ್ಮ ಯಜಮಾನರು ಆವಲಪ್ಪ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗಾಯ ಮಾಯಿತು, ಮರೆವು ಉಳಿಯಿತು. ಒಮ್ಮೆ ಸೊಪ್ಪು ಹಾಕುವುದನ್ನೇ ಮರೆತು ರೇಷ್ಮೆ ಹುಳುಗಳೆಲ್ಲ ಸೊರಗಿದವು. ಅಂದಿನಿಂದ ಹುಳುಮನೆಯನ್ನು ನಾನು ಇವರೊಬ್ಬರ ಕೈಗೆ ಬಿಟ್ಟಿಲ್ಲ. ಒಳಗೆ ಬರುವಾಗ ಹೊಸ್ತಿಲ ಸುಣ್ಣದ ಪುಡಿ ತುಳಿದು ಬನ್ನಿ, ಇಲ್ಲದಿದ್ದರೆ ಹುಳುಗಳಿಗೆ ರೋಗ ತಗಲುತ್ತದೆ ಎಂದು ದಿನವೂ ಬಡಿದುಕೊಳ್ಳುತ್ತಿದ್ದೆ.

ತಲೆಗೆ ಪೆಟ್ಟು ಬಿದ್ದವರ ನೆನಪು, ಯೋಚನೆ ವರ್ಷ ಕಳೆದಂತೆ ಏನಾಗುತ್ತದೆಂದು ಸಂಶೋಧನೆ ಮಾಡುವ ಹರಿತಾ ಹೋದ ವರ್ಷ ಮೊದಲ ಸಲ ಬಂದಳು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ, ಆ ಪದಗಳನ್ನು ಕೇಳಿದಳು. ಇವರಿಗೆ ನೆನಪಾದದ್ದು ಒಂದೇ. ಮುಂದಿನ ವರ್ಷ ಮತ್ತೆ ಬರುತ್ತೇನೆ ಎಂದು ಹೋದಳು.

"ಒಂದು ಬೆಳೆ ಹುಳ ನಾನೇ ನೋಡ್ಕೊಳ್ತೀನಿ ಕಣೇ" ಎಂದು ಇವರು ಆವತ್ತೂ ಅಂಗಲಾಚಿದರು. ರೋಸಿಹೋಗಿ, "ಹರಿತಮ್ಮನ ಪರೀಕ್ಷೆ ಪಾಸ್ ಮಾಡಿ, ಬಿಡ್ತೀನಿ" ಅಂದುಬಿಟ್ಟೆ. ಇವರ ಮುಖ ಸಪ್ಪಗಾಯಿತು. ಮರುದಿನವೇ ಗುಟ್ಟಾಗಿ ಪಾಠ ಶುರು ಮಾಡಿದೆ. ಹುಳುಮನೆಯಲ್ಲಿ ಐದು ಸಾಲು ತಟ್ಟೆ. ಒಂದೊಂದು ಸಾಲಿಗೆ ಸೊಪ್ಪು ಹಾಕುವಾಗ ಒಂದೊಂದು ಪದ ಹೇಳಿಸಿದೆ, ವರ್ಷವಿಡೀ.

ಮೊನ್ನೆ ಹರಿತಾ ಬಂದಳು. "ಛತ್ರಿ, ಬಾವಿ..." ಎಂದು ಶುರು ಮಾಡಿದಳು. ಪದಗಳು ಬದಲಾಗುತ್ತವೆ ಎಂದು ನನ್ನಂಥ ಜಾಣೆಗೆ ಹೊಳೆದೇ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಇವರು ಕಣ್ಣು ಮುಚ್ಚಿ, ಸೊಪ್ಪು ಹಾಕುವ ಹಾಗೆ ಕೈಯಾಡಿಸುತ್ತಾ, "ಹಲಸು, ಕತ್ತರಿ, ಮೇಕೆ, ಗಡಿಯಾರ, ಹಳದಿ" ಎಂದು ಪಟಪಟನೆ ಒಪ್ಪಿಸಿದರು.

ಹರಿತಾ ಹಳೆಯ ಕಾಗದ ತೆಗೆದು ನೋಡಿದಳು. "ಇವು ಹೋದ ವರ್ಷದ್ದು!"

ನಾನು ತಪ್ಪೊಪ್ಪಿಕೊಂಡೆ. ಬೈಯುತ್ತಾಳೆ ಅಂದುಕೊಂಡರೆ ಅವಳು ನಕ್ಕಳು. "ಇವತ್ತಿನ ಪದ ಒಂದೂ ಬರ್ಲಿಲ್ಲ, ಅದನ್ನ ಹಾಗೇ ಬರೀತೀನಿ. ನೀವು ಕಲಿಸಿದ್ದನ್ನೂ ಬರೀತೀನಿ ಓಬಳಮ್ಮ. ಕೆಲ್ಸದ ಜೊತೆ ಸೇರ್ಸಿ ದಿನಾ ಹೇಳ್ಕೊಟ್ರೆ ಇವರಿಗೆ ನಿಲ್ಲುತ್ತೆ, ನೋಡಿ."

ಇವರು ನನ್ನತ್ತ ತಿರುಗಿ, "ಹಂಗಾದ್ರೆ ಫೇಲಾ?" ಅಂದರು.

ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಪಾಸೇ ಕಣ್ರೀ. ಈ ಬೆಳೆ ನಿಮ್ದೇ."

ಮರುದಿನ ಬೆಳಿಗ್ಗೆಯೆಲ್ಲ ಹಟ ಹಿಡಿದು ಹೊರಗೇ ಕೂತಿದ್ದೆ. ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ಜೀವ ತಡೆಯದೆ ದಡಬಡನೆ ಹುಳುಮನೆಗೆ ನುಗ್ಗಿದೆ.

"ನಿಲ್ಲೇ ಅಲ್ಲೇ!" ಇವರು ಗದರಿ ಹೊಸ್ತಿಲು ತೋರಿಸಿದರು. "ಸುಣ್ಣ ಯಾರು ತುಳೀತಾರೆ?"

ಇವರ ಹಿಂದೆ ಐದೂ ಸಾಲಿನಲ್ಲಿ ಹಸಿರು ಸೊಪ್ಪು ತುಂಬಿತ್ತು. ನಾನು ತೆಪ್ಪಗೆ ಹಿಂದೆ ಸರಿದು ಎರಡೂ ಕಾಲಿನಲ್ಲಿ ಸುಣ್ಣ ತುಳಿದೆ. ಬೈಸಿಕೊಂಡು ಇಷ್ಟು ಸಂತೋಷವಾದದ್ದು ನನಗೆ ಇದೇ ಮೊದಲು.