ಈ ವರ್ಷ ಖಂಡಿತ

ಮಾಕಿತಾನ ವಿಳಾಸ ಬರೆದು ಉನ್ನೊ ಕುಂಚವನ್ನು ಕೆಳಗಿಡುತ್ತಿದ್ದಾಗ ಬಾಗಿಲ ಅಂಚೆ ಡಬ್ಬಿಯಲ್ಲಿ ಏನೋ ಬಿದ್ದ ಸದ್ದಾಯಿತು. ಬಿದ್ದದ್ದು ಮಾಕಿತಾನ ಸಾವಿನ ಸುದ್ದಿ. ಆ ಕ್ಷಣಕ್ಕೆ ಅದು ಬರಿಯ ಸದ್ದು.

ಹೊಸ ವರ್ಷದ ಶುಭಾಶಯದ ಕಾರ್ಡುಗಳನ್ನು ಡಿಸೆಂಬರಿನ ಮೊದಲಲ್ಲೇ ಬರೆದು ಮುಗಿಸುವುದು ಅವನ ಪದ್ಧತಿ. ಮಾಕಿತಾನ ಕಾರ್ಡು ಯಾವಾಗಲೂ ಮೊದಲನೆಯದು. ಶುಭಾಶಯದ ಕೆಳಗೆ ಒಂದೇ ಸಾಲು: ‘ಈ ವರ್ಷ ಖಂಡಿತ.’ ಮಾಕಿತಾನ ಕಾರ್ಡಿನಲ್ಲೂ ಪ್ರತಿ ವರ್ಷ ಅದೇ ಸಾಲು ಬರುತ್ತಿತ್ತು. ಇಬ್ಬರ ನಡುವೆ ಉಳಿದಿದ್ದ ಮಾತು ಅಷ್ಟೇ. ಅಷ್ಟು ಸಾಕು ಎಂದು ಉನ್ನೊ ತಿಳಿದಿದ್ದ.

ಹೆಂಡತಿ ಕಿನುಯೆ ಅಂಚೆಯನ್ನು ತಂದು ಮೇಜಿನ ಮೇಲಿಟ್ಟಳು. ಮೇಲಿದ್ದದ್ದು ಬೂದು ಅಂಚಿನ ಕಾರ್ಡು. ಸಾವಾದ ಮನೆಯವರು, ಈ ಸಲ ನಮಗೆ ಶುಭಾಶಯ ಬೇಡ ಎಂದು ವರ್ಷದ ಕೊನೆಗೆ ಬಲ್ಲವರಿಗೆಲ್ಲ ಹಾಕುವಂಥದು.

“ಇನ್ನೊಂದು ಬಂತು ನೋಡಿ. ನಮ್ಮ ವಯಸ್ಸಿಗೆ ಶುಭಾಶಯಕ್ಕಿಂತ ಇವೇ ಹೆಚ್ಚು,” ಎಂದಳು.

ಮೇ ತಿಂಗಳಲ್ಲಿ ನನ್ನ ಪತಿ ಮಾಕಿತಾ ನೊಬುಹಿಸ ತೀರಿಕೊಂಡರು ಎಂದಿತ್ತು. ಅವರ ಇಚ್ಛೆಯಂತೆ ಅಂತ್ಯಕ್ರಿಯೆಯನ್ನು ಮನೆಯವರಷ್ಟೇ ನಡೆಸಿದೆವು. ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಎಲ್ಲವೂ ಅಚ್ಚಿನ ಅಕ್ಷರ.

ಮೇಜಿನ ಮೇಲೆ ಒಂದೇ ಹೆಸರಿನ ಎರಡು ಕಾರ್ಡುಗಳಿದ್ದವು. ಒಂದರ ಮಸಿ ಇನ್ನೂ ಹಸಿಯಾಗಿತ್ತು.

“ಬರೆದದ್ದನ್ನ ಏನು ಮಾಡ್ತೀರಿ?” ಕಿನುಯೆ ಕೇಳಿದಳು.

“ಒಣಗಲಿ.”

ಮೇ ತಿಂಗಳಲ್ಲಿ ತಾನು ಏನು ಮಾಡುತ್ತಿದ್ದೆ ಎಂದು ಅವನು ನೆನೆದ. ಕಿಟಕಿಯ ಕೆಳಗೆ ಸೌತೆಯ ಸಸಿ ನೆಟ್ಟಿದ್ದ. ಕಾಯಿ ಕಹಿಯಾಗಿತ್ತು. ಬೇರೇನೂ ನೆನಪಾಗಲಿಲ್ಲ.

ಅಲ್ಮೆರಾದ ಮೇಲಿನ ಪೆಟ್ಟಿಗೆಯನ್ನು ಅವನು ನೋಡಲಿಲ್ಲ. ನೋಡದಿದ್ದರೂ ಅದು ಅಲ್ಲಿತ್ತು. ಇಂಗ್ಲೆಂಡಿನಿಂದ ಬಂದ ಲೋಹದ ಪುಟ್ಟ ಮಾದರಿ ಕಾರು, ಕೈಯಾರೆ ಜೋಡಿಸಬೇಕಾದ ಬಿಡಿ ಭಾಗಗಳಾಗಿ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಪಂದ್ಯದ ಕಾರಿನ ಪ್ರತಿರೂಪ. ಮಾಕಿತಾ ಮತ್ತು ಅವನು ಒಂದೇ ಪ್ರೌಢಶಾಲೆಯಲ್ಲಿ ಮೇಷ್ಟರುಗಳಾಗಿದ್ದಾಗ, ಶಿಜುವೊಕಾ ನಿಲ್ದಾಣದ ಎದುರಿನ ಮಾದರಿ ಕಾರುಗಳ ಅಂಗಡಿ ಮುಚ್ಚುತ್ತಿದ್ದ ದಿನ, ಒಂದೇ ಬಗೆಯ ಎರಡು ಪೆಟ್ಟಿಗೆ ಉಳಿದಿದ್ದವು. ಆಳಿಗೊಂದು ಕೊಂಡರು.

“ನಿವೃತ್ತಿಯಾದ ಮೇಲೆ ಮಾಡೋಣ,” ಎಂದಿದ್ದ ಮಾಕಿತಾ. “ಇಬ್ಬರೂ ಒಂದೇ ಮೇಜಿನಲ್ಲಿ. ಅಲ್ಲೀವರೆಗೆ ಯಾರೂ ಪೆಟ್ಟಿಗೆ ಒಡೆಯೋ ಹಾಗಿಲ್ಲ.”

ಮಾಕಿತಾ ನಗುತ್ತಾ ಹೇಳಿದ್ದ. ಉನ್ನೊ ತಲೆಬಾಗಿ ಒಪ್ಪಿದ್ದ.

ಆಮೇಲೆ ಮಾಕಿತಾಗೆ ವರ್ಗವಾಯಿತು. ಶಿಮಿಜುವಿನಲ್ಲಿ ಮನೆ ಮಾಡಿದ. ಇಬ್ಬರೂ ನಿವೃತ್ತರಾದರು. ಉನ್ನೊ ಒಮ್ಮೆ ಫೋನು ಮಾಡಿದಾಗ ಮಾಕಿತಾ ಕಣ್ಣಿನ ತೊಂದರೆ ಹೇಳಿದ್ದ. ಇನ್ನೊಮ್ಮೆ ಮಾಡಿದಾಗ ಹೆಂಡತಿಯ ಮಂಡಿನೋವು. ಮೂರನೆಯ ಸಲ ಉನ್ನೊ ಮಾಡಲಿಲ್ಲ. ಕರೆಯದೆ ಹೋಗುವುದು ಸರಿಯಲ್ಲ. ವಾರಕ್ಕೊಮ್ಮೆ ಪೆಟ್ಟಿಗೆಯ ಧೂಳು ಒರೆಸಿದ. ಪೂಜೆಯ ಗೂಡಿನಲ್ಲೇ ಇಟ್ಟುಬಿಡಿ, ಹೇಗೂ ಯಾರೂ ಮುಟ್ಟೋ ಹಾಗಿಲ್ಲ ಎಂದು ಕಿನುಯೆ ಚುಚ್ಚುತ್ತಿದ್ದಳು. ಈಚಿನ ವರ್ಷಗಳಲ್ಲಿ ‘ಈ ವರ್ಷ ಖಂಡಿತ’ ಎಂಬ ಸಾಲಿನ ಅಕ್ಷರ ಮೃದುವಾಗಿತ್ತು. ವಯಸ್ಸು ಗೆಳೆಯನನ್ನು ಹದ ಮಾಡಿದೆ ಎಂದು ಉನ್ನೊ ಸಂತೋಷಪಟ್ಟಿದ್ದ.

ಅವನು ಕಪ್ಪು ಟೈ ಕಟ್ಟಿಕೊಂಡ. ಊದುಬತ್ತಿಯ ಪೊಟ್ಟಣವೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಮಾಕಿತಾನ ಹೆಂಡತಿ ಫುಮಿಯೆ ಬಾಗಿಲು ತೆರೆದು ಅವನ ಮುಖವನ್ನು ನೋಡಿದಳು, ಆಮೇಲೆ ಟೈಯನ್ನು ನೋಡಿದಳು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು.

“ಉನ್ನೊ ಮೇಷ್ಟ್ರು! ಅಯ್ಯೋ, ಯಾಕೆ ತೊಂದರೆ ತಗೊಂಡ್ರಿ. ಅಷ್ಟು ದೂರದಿಂದ.”

“ದೂರ ಏನಿಲ್ಲ. ಮೂರು ಸ್ಟೇಷನ್ನು.”

“ಹೌದಲ್ವಾ,” ಎಂದಳು ಅವಳು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಒಳಗೆ ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು. ಫುಮಿಯೆ ಸದ್ದು ತಗ್ಗಿಸಿದಳು, ಆರಿಸಲಿಲ್ಲ. ಪೂಜೆಯ ಗೂಡು ಗೋಡೆಯ ಬದಿಗಿತ್ತು. ಉನ್ನೊ ಮುಂದೆ ಕುಳಿತು ಬತ್ತಿ ಹಚ್ಚಿದ, ಗಂಟೆಯನ್ನು ಬಡಿದ, ಕೈ ಜೋಡಿಸಿದ. ಮುಂಜಾನೆ ಸಂಜೆ ತಪ್ಪದೆ ‘ನಮು ಅಮಿದಾ ಬುತ್ಸು’ ಎಂದು ಅಮಿತಾಭ ಬುದ್ಧನ ನಾಮ ಹೇಳುವವನು ಅವನು. ಸತ್ತವರಿಗೆ ಬದುಕಿರುವವರು ಕೊಡಬಹುದಾದದ್ದು ಅದೊಂದೇ ಎಂದು ನಂಬಿದವನು.

ಕಣ್ಣು ಮುಚ್ಚುವ ಮುನ್ನ ಅವನಿಗೆ ಕಾರು ಕಾಣಿಸಿತು.

ಮಾಕಿತಾನ ಭಾವಚಿತ್ರದ ಪಕ್ಕದಲ್ಲಿ ನಿಂತಿತ್ತು. ಕಡು ಹಸಿರು. ತಂತಿಯ ಚಕ್ರಗಳು, ದೋಣಿಯಂತೆ ಚೂಪಾದ ಹಿಂಭಾಗ, ಬಾನೆಟ್ಟಿಗೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳುವಾದ ತೊಗಲಿನ ಪಟ್ಟಿ. ಹಸಿರು ಬಣ್ಣ ಮಾಸಿ ಹಳತಾಗಿತ್ತು. ನಿನ್ನೆ ಮೊನ್ನೆ ಹಚ್ಚಿದ ಬಣ್ಣವಲ್ಲ.

“ನ...” ಎಂದ ಉನ್ನೊ. ನಾಮ ಮುಂದಕ್ಕೆ ಬರಲಿಲ್ಲ. ತುಟಿ ಆಡಿಸಿದ. ಹಿಂದೆ ಕುಳಿತಿದ್ದ ಫುಮಿಯೆಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆದ್ದರಿಂದ ಆದಷ್ಟು ಹೊತ್ತು ಹಾಗೇ ಕುಳಿತಿದ್ದ.

ಅವಳು ಚಹಾ ತಂದಳು, ಕಿತ್ತಳೆಯ ಬುಟ್ಟಿಯನ್ನು ಅವನ ಕಡೆಗೆ ಸರಿಸಿದಳು.

“ಒಂದು ಮಾತು ತಿಳಿಸಬಹುದಿತ್ತು,” ಎಂದ ಉನ್ನೊ.

“ಯಾರಿಗೂ ಬೇಡ ಅಂದ್ರು. ಕೊನೆಗಾಲದಲ್ಲಿ ಯಾರನ್ನೂ ನೋಡೋಕೆ ಮನಸ್ಸಿರಲಿಲ್ಲ ಅವರಿಗೆ.”

“ಯಾರಿಗೂ?”

ಅವಳು ಹಣ್ಣಿನ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿದಳು. “ಕಾರು ಮಾಡೋ ಗೆಳೆಯರು ಬಂದಿದ್ರು. ಅವರನ್ನ ತಡೆಯೋಕಾಗುತ್ತಾ? ಭಾನುವಾರ ಆಯ್ತು ಅಂದ್ರೆ ಇಲ್ಲೇ ಬಿದ್ದಿರೋರು. ಈ ಮೇಜಿನಲ್ಲೇ. ಬಣ್ಣದ ವಾಸನೆಗೆ ನನ್ನ ತಲೆ ಸಿಡಿಯೋದು.”

ಉನ್ನೊ ಮೇಜನ್ನು ನೋಡಿದ. ಬಣ್ಣದ ಚುಕ್ಕೆಗಳಿದ್ದವು. ನೀಲಿ, ಕೆಂಪು, ಬೆಳ್ಳಿ. ಕಿತ್ತಳೆಯ ಬುಟ್ಟಿಯ ಪಕ್ಕದಲ್ಲಿ ಹಸಿರು.

“ಆ ಕಾರು ಯಾವಾಗ ಮಾಡಿದ್ದು?”

“ಅದಾ? ಅದೇ ಮೊದಲನೇದು. ಅಂಗಡಿ ಮುಚ್ಚಿದಾಗ ತಂದ್ರಲ್ಲ, ತಂದ ವಾರವೇ ಶುರು. ಊಟಕ್ಕೆ ಕರೆದ್ರೆ ಏಳೋರಲ್ಲ. ತಡೆದುಕೊಳ್ಳೋ ಜೀವವೇ ಅಲ್ಲ ಅದು. ಮದುವೆಗೆ ಮುಂಚೇನೂ ಹಾಗೇ...” ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ವಯಸ್ಸಾದ ಮೇಲೆ ಏನೇನೋ ಬಾಯಿಗೆ ಬರುತ್ತೆ ನೋಡಿ.”

“ತಂದ ವಾರವೇ,” ಎಂದ ಉನ್ನೊ.

“ನಿಮಗೆ ಹೇಳಿರಲಿಲ್ವಾ?”

“ಹೇಳಿದ್ದ. ಮರೆತಿದ್ದೆ.”

ಫುಮಿಯೆ ಅವನನ್ನು ಒಮ್ಮೆ ನೋಡಿ, ಚಹಾದ ಕಡೆ ತಿರುಗಿದಳು. ಸುಳ್ಳು ಇಬ್ಬರಿಗೂ ಅನುಕೂಲವಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಅವನು ಗೌರವದಿಂದ ಎದ್ದು ಬರಬಹುದಿತ್ತು.

“ನನ್ನನ್ನ ಯಾಕೆ ಕರೀಲಿಲ್ಲ?” ಎಂದು ಕೇಳಿದ.

“ಬೇಜಾರು ಮಾಡ್ಕೋಬಾರದು ನೀವು.”

“ಇಲ್ಲ.”

“ಉನ್ನೊ ಪಕ್ಕದಲ್ಲಿ ಕೂತ್ರೆ ಕಾರು ಮಾಡಿದ ಹಾಗಿರಲ್ಲ, ಪರೀಕ್ಷೆ ಬರೆದ ಹಾಗಿರುತ್ತೆ ಅಂತಿದ್ರು. ತಮಾಷೆಗೆ.”

“ತಮಾಷೆಗೆ.”

“ಪಾಪ, ಒಳ್ಳೇ ಮನುಷ್ಯ, ಆದರೆ... ಅಂತಲೂ ಅಂತಿದ್ರು.”

ಆ ‘ಆದರೆ’ಯ ಮುಂದೆ ಏನಿತ್ತು ಎಂದು ಉನ್ನೊ ಕೇಳಲಿಲ್ಲ. ಬೇರೆಯದನ್ನು ಕೇಳಿದ. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದ.

“ಪ್ರತಿ ವರ್ಷ ಬರೀತಿದ್ದನಲ್ಲ. ಈ ವರ್ಷ ಖಂಡಿತ ಅಂತ.”

ಫುಮಿಯೆಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. “ಓ, ಕಾರ್ಡಿನಲ್ಲಾ? ಅದನ್ನ ಎಲ್ಲರಿಗೂ ಬರೀತಿದ್ವಿ, ಮೇಷ್ಟ್ರೇ. ಈ ವರ್ಷ ಖಂಡಿತ ಭೇಟಿಯಾಗೋಣ ಅಂತ ಬರೆಯಲ್ವಾ, ಹಾಗೆ. ಅವರ ಕೈ ನಡುಗೋಕೆ ಶುರುವಾದ ಮೇಲೆ ನಾನೇ ಬರೀತಿದ್ದೆ. ಹಲ್ಲಿನ ಡಾಕ್ಟರಿಗೂ ಅದೇ ಸಾಲು.”

ಟಿವಿಯಲ್ಲಿ ಮೀನನ್ನು ತಿರುವಿ ಹಾಕಿದರು. ಉನ್ನೊ ಚಹಾ ಕುಡಿದು ಮುಗಿಸಿದ. ಚೆನ್ನಾಗಿದೆ ಎಂದ.

ಹೊರಡುವಾಗ ಫುಮಿಯೆ ಕಾರನ್ನು ತಂದು ಅವನ ಕೈಯಲ್ಲಿಟ್ಟಳು. ನೆನಪಿಗೆ ಇಟ್ಟುಕೊಳ್ಳಿ ಎಂದಳು. ಒರೆಸಿ ಒರೆಸಿ ಸಾಕಾಗಿದೆ ಎಂದೂ ಸೇರಿಸಿದಳು. ಅದು ತಣ್ಣಗಿತ್ತು, ಗಾತ್ರಕ್ಕೆ ಮೀರಿದ ಭಾರವಿತ್ತು. ಅವನು ಕನ್ನಡಕವನ್ನು ಮೇಲೆತ್ತಿ ಕಣ್ಣಿನ ಹತ್ತಿರ ಹಿಡಿದ. ಬೆಸುಗೆ ನೋಡಿದ. ಚಕ್ರದ ನೇರ ನೋಡಿದ. ಬಣ್ಣ ಎಲ್ಲಾದರೂ ಹರಿದು ಗಟ್ಟಿಯಾಗಿದೆಯೇ ಎಂದು ತಿರುಗಿಸಿ ನೋಡಿದ. ಒಂದು ತಪ್ಪಾದರೂ ಸಿಕ್ಕಬೇಕಿತ್ತು. ಸಿಗಲಿಲ್ಲ. ತಲೆಯೆತ್ತಿದಾಗ ಫುಮಿಯೆ ಅವನನ್ನೇ ನೋಡುತ್ತಿದ್ದಳು, ತುಟಿಯ ಕೊನೆಯಲ್ಲಿ ಸಣ್ಣ ನಗು. ತಾನು ಉತ್ತರಪತ್ರಿಕೆ ತಿದ್ದುತ್ತಿದ್ದೇನೆಂದು ಅವನಿಗೆ ಆಗ ತಿಳಿಯಿತು.

“ಬೇಡ,” ಎಂದು ಹಿಂದಕ್ಕೆ ಕೊಟ್ಟ. “ನನ್ನ ಹತ್ತಿರ ಒಂದಿದೆ.”

ರೈಲಿನಲ್ಲಿ ಜಾಗವಿದ್ದರೂ ನಿಂತೇ ಬಂದ. ಇಷ್ಟು ವರ್ಷ ಒಬ್ಬ ಮನುಷ್ಯ ತನಗಾಗಿ ಕಾಯುತ್ತಿದ್ದಾನೆ ಎಂದು ನಂಬಿದ್ದ. ಆ ಮನುಷ್ಯ ಮೂರು ನಿಲ್ದಾಣದಾಚೆ, ಭಾನುವಾರ ಭಾನುವಾರ ನಗುತ್ತಾ, ತನ್ನಿಂದ ಬಚ್ಚಿಟ್ಟುಕೊಂಡಿದ್ದ. ಪೆಟ್ಟಿಗೆ ಒಡೆಯಬಾರದೆಂಬ ಆ ಮಾತು ಇಬ್ಬರನ್ನೂ ಕಟ್ಟಿದೆ ಎಂದು ಉನ್ನೊ ತಿಳಿದಿದ್ದ. ಅದು ತನ್ನನ್ನು ಆಚೆ ನಿಲ್ಲಿಸಲು ಹಾಕಿದ ಬೇಲಿ. ಆ ಬೇಲಿಯ ಧೂಳನ್ನು ತಾನೇ ವಾರ ವಾರ ಒರೆಸಿದ್ದ.

“ಹೇಗಿದ್ದಾರೆ?” ಕಿನುಯೆ ಕೇಳಿದಳು.

“ಸತ್ತಿದ್ದಾನೆ.”

“ಅವರಲ್ಲ. ಆಕೆ.”

“ಚೆನ್ನಾಗಿದ್ದಾಳೆ. ಹಣ್ಣು ತಿಂತಾಳೆ.”

ಕೋಟು ಕಳಚದೆ ಅವನು ಕುರ್ಚಿ ಹತ್ತಿ ಪೆಟ್ಟಿಗೆಯನ್ನು ಇಳಿಸಿದ.

“ಈಗಲೇನಾ?”

“ಈಗಲೇ.”

ಅವಳು ಬೇರೇನೂ ಕೇಳದೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿದಳು. ಸ್ವಲ್ಪ ಹೊತ್ತು ಎದುರಿಗೆ ಕುಳಿತಿದ್ದು, ಅನ್ನಕ್ಕಿಡಬೇಕು ಎಂದು ಎದ್ದು ಹೋದಳು.

ಪೆಟ್ಟಿಗೆಗೆ ಅಂಟಿಸಿದ್ದ ಪಟ್ಟಿ ಮುಟ್ಟಿದೊಡನೆ ಪುಡಿಯಾಯಿತು. ಇಷ್ಟು ಸುಲಭ. ಒಳಗೆ ಸಣ್ಣ ಸಣ್ಣ ಚೀಲಗಳು, ಚೀಲಗಳಲ್ಲಿ ಬೂದು ಲೋಹ. ರಬ್ಬರಿನ ಟಯರುಗಳು ಒಣಗಿ ಬಿರಿದಿದ್ದವು. ಅವನ್ನು ಪಕ್ಕಕ್ಕಿಟ್ಟ. ಅರದಿಂದ ಅಂಚುಗಳನ್ನು ಉಜ್ಜಿದ. ಬೂದು ಪದರದ ಕೆಳಗಿನಿಂದ ಬೆಳ್ಳಿಯ ಹೊಳಪು ಬಂತು. ಚಕ್ರದ ಅಚ್ಚನ್ನು ತೂತಿನಲ್ಲಿ ಕೂರಿಸಿದ. ಸರಿಯಾಗಿ ಕುಳಿತಿತು. ಬಾನೆಟ್ಟಿನ ಎರಡು ಹೋಳುಗಳು ಒಂದಕ್ಕೊಂದು ಸೇರಿದಾಗ ನಡುವಿನ ಗೆರೆ ಕಾಣದಾಯಿತು. ಯಾರೋ ದೂರದ ದೇಶದವನು ಶ್ರದ್ಧೆಯಿಂದ ಮಾಡಿದ ಕೆಲಸ. ಉನ್ನೊ ಕೋಟು ಕಳಚಿದ, ಟೈ ಸಡಿಲಿಸಿದ. ಹೊರಗೆ ಬೆಳಕು ಇಳಿಯಿತು. ಬಹಳ ಹೊತ್ತು ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ.

“ಇಲ್ನೋಡು,” ಎಂದು ತಲೆಯೆತ್ತಿದ.

ಎದುರಿನ ಕೂರುವ ದಿಂಬಿನ ಮೇಲೆ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ನೀರು ಬಿಟ್ಟ ಸದ್ದು. ಆ ಮಾತನ್ನು ಹೆಂಡತಿಗೆ ಹೇಳಿದ್ದಲ್ಲ ಎಂದು ಅವನಿಗೆ ಗೊತ್ತಾಯಿತು. ಮುಖ ಬಿಸಿಯಾಯಿತು.

ಪೆಟ್ಟಿಗೆಯಲ್ಲಿದ್ದ ಅಂಟು ಕೊಳವೆಯೊಳಗೇ ಕಲ್ಲಾಗಿತ್ತು. ಮೇಜಿನ ಖಾನೆಯಲ್ಲಿ ತಂತಿ ಬೆಸೆಯುವ ಕಡ್ಡಿಯಿತ್ತು. ಶಾಲೆಯ ಭೌತಶಾಸ್ತ್ರದ ಪ್ರಯೋಗಾಲಯದಿಂದ ಬಂದದ್ದು. ಪ್ಲಗ್ಗಿಗೆ ಸಿಕ್ಕಿಸಿದ. ತಾಮ್ರದ ತಂತಿ ಬೆಸೆಯಲು ಬೇಕಾಗುವ ಬಿಸಿ ಅದಕ್ಕಿತ್ತು. ಈ ಬಿಳಿಯ ಮೆದು ಲೋಹ ಅದರ ಅರ್ಧ ಬಿಸಿಗೇ ಕರಗುತ್ತದೆ. ಯಾವುದು ಎಷ್ಟಕ್ಕೆ ಕರಗುತ್ತದೆ ಎಂದು ಮಕ್ಕಳಿಗೆ ಕಲಿಸುತ್ತಲೇ ಅವನು ಮುದುಕನಾಗಿದ್ದ.

ಕಡ್ಡಿಯ ತುದಿಯನ್ನು ಬಾನೆಟ್ಟಿಗೆ ತಾಗಿಸಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಲೋಹ ಬೆವರಿದಂತೆ ಕಂಡಿತು. ಕಾರಿನ ಮೂತಿ ಬಾಗಿತು, ನಿದ್ದೆ ಬಂದವನ ತಲೆಯಂತೆ. ಈಗಲೂ ಕೈ ಹಿಂದೆಗೆಯಬಹುದಿತ್ತು. ಕೈ ಅಲ್ಲೇ ಇತ್ತು. ಬಾನೆಟ್ಟು ಕುಸಿಯಿತು, ಮುಂದಿನ ಅಚ್ಚು ಅದರೊಳಗೆ ಮುಳುಗಿತು. ಬೆಳ್ಳಿಯ ಹನಿ ದೊಡ್ಡದಾಗುತ್ತಾ ಪತ್ರಿಕೆಯ ಮೇಲೆ ಇಳಿದು ನಿಂತಿತು, ಸುತ್ತ ಕಾಗದ ಕಂದಾಯಿತು.

“ಏನೋ ವಾಸನೆ?” ಕಿನುಯೆ ಒಳಗಿನಿಂದ ಕೇಳಿದಳು.

“ಏನಿಲ್ಲ.”

“ಆಯ್ತಾ?”

“ಆಯ್ತು.”

ಅವನು ಪ್ಲಗ್ಗು ಕಿತ್ತ. ಕೈ ತಪ್ಪಿತೋ, ತಪ್ಪಿಸಿದೆನೋ? ಬೇರೊಬ್ಬನನ್ನು ಕೇಳುವವನ ಹಾಗೆ ತನ್ನನ್ನೇ ಕೇಳಿಕೊಂಡ. ಪತ್ರಿಕೆಯ ಮೇಲಿನ ಲೋಹ ಇನ್ನೂ ಕನ್ನಡಿಯಷ್ಟು ತಿಳಿಯಾಗಿತ್ತು. ಅದರಲ್ಲಿ ಮೇಲಿನ ದೀಪ ಕಾಣುತ್ತಿತ್ತು, ದೀಪದ ಕೆಳಗೆ ಬಾಗಿದ ಒಂದು ಮುಖ. ಅವನು ನೋಡುತ್ತಿದ್ದಂತೆ ಅಂಚಿನಿಂದ ಒಳಕ್ಕೆ ಮಬ್ಬು ಹಬ್ಬಿತು. ದೀಪ ಹೋಯಿತು, ಮುಖ ಹೋಯಿತು. ಪೊರೆ ಬಂದ ಕಣ್ಣಿನಂಥ ಒಂದು ಬಿಲ್ಲೆ ಉಳಿಯಿತು. ಅದಕ್ಕೆ ಕಾರಿನ ಹಿಂಭಾಗ ಇನ್ನೂ ಅಂಟಿಕೊಂಡಿತ್ತು, ಚೂಪಾಗಿ, ಅಚ್ಚುಕಟ್ಟಾಗಿ, ಎಲ್ಲಿಗೋ ಓಡುವಂತೆ.

ಪೂಜೆಯ ಗೂಡಿನ ತನಕ ಅವನು ಹೋಗಲಿಲ್ಲ. ಕುಳಿತಲ್ಲೇ ಕೈ ಜೋಡಿಸಿದ. ನಾಮ ಎದೆಯಿಂದ ಬರಲಿಲ್ಲ, ಗಂಟಲಿನಿಂದ ಬಂತು, ಆದರೂ ಬಂತು.

“ನಮು ಅಮಿದಾ ಬುತ್ಸು. ಮಾಕಿತಾ ನೊಬುಹಿಸನನ್ನು ನಿನ್ನ ಲೋಕಕ್ಕೆ ಸೇರಿಸಿಕೋ. ಅಲ್ಲಿ ಅವನಿಗೆ ನೆಮ್ಮದಿ ಸಿಗಲಿ. ಅಲ್ಲಿ ಯಾರೂ ಅವನಿಗಾಗಿ ಕಾಯದಿರಲಿ.”